ಕೊರಳಿನ ಬಟನ್ನು

ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಪಾಯಿಂಟ್ ಸಾರ್ ಎನ್ನುತ್ತಿದ್ದರು. ಟೀಗೆ ಸಕ್ಕರೆ ಎಷ್ಟು ಎಂದರೆ ಪಾಯಿಂಟ್ ಸೆವೆನ್ ಫೈವ್ ಚಮಚ ಎನ್ನುವ ಆಸಾಮಿಗೆ ಇನ್ನೇನು ಹೆಸರಿಡಬೇಕಿತ್ತು ಹೇಳಿ? ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕಸುಬು. ಗೋಡೆಗೆಲ್ಲ ತಾಮ್ರದ ತಗಡು ಹೊದಿಸಿದ, ಕಿಟಕಿಯಿಲ್ಲದ ಕೋಣೆಯಲ್ಲಿ ಸ್ಪೆಕ್ಟ್ರಮ್ ಅನಲೈಸರ್ ಮುಂದೆ ಕೂತು, ಇದ್ದೂ ಇಲ್ಲದಂತಿರುವ ರೇಡಿಯೋ ಸಿಗ್ನಲ್ಲುಗಳನ್ನು ಅಳೆಯುವುದು. ಹೊರಗಿನ ಒಂದು ಫೋನ್ ಕರೆಯೂ ಅಲ್ಲಿಗೆ ಬರುವುದಿಲ್ಲ. ಮನೆಯೂ ಈಗ ಹಾಗೇ ಆಗಿತ್ತು. ಹೆಂಡತಿ ತನ್ನ ತಂಗಿಯ ಮನೆ ಸೇರಿ ಎರಡು ವರ್ಷ. ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟರೆ ಅಡುಗೆಮನೆ ಕೆಲಸ ಮುಗಿಯಿತು.

ಜಗಳವಾದದ್ದು ಒಂದು ಬಟನ್ನಿಗಾಗಿ. ಕಾಯಿಲೆಯವರು ಕೊರಳಿಗೆ ಹಾಕಿಕೊಳ್ಳುವಂಥದ್ದು; ಒತ್ತಿದರೆ ಇನ್ನೊಂದು ಕೋಣೆಯಲ್ಲಿ ಬೆಲ್ ಆಗಬೇಕು. ತಾನೇ ಅಳೆದು ಪಾಸು ಮಾಡಿದ ಮಾಲಿನಲ್ಲಿ ಒಂದನ್ನು, ಮಂಡಿನೋವಿನ ಹೆಂಡತಿಗೆಂದು ತಂದಿದ್ದ. ಅವಳು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮುಕ್ಕಾಲು ತಾಸು ಒದ್ದೆ ನೆಲದಲ್ಲಿ ಬಿದ್ದಿದ್ದಳು. ಇವನು ಬಾಗಿಲು ಹಾಕಿಕೊಂಡು ಟಿವಿ ನೋಡುತ್ತಿದ್ದ. ಬೆಲ್ ಆಗಲೇ ಇಲ್ಲ. ಒತ್ತಿದೆ, ಹತ್ತು ಸಲ ಒತ್ತಿದೆ ಎಂದು ಅವಳು ಅತ್ತರೆ, ಈ ಮಹಾಶಯ, "ನಾನೇ ಅಳೆದಿದ್ದೀನಿ. ನೀನೇ ಸರಿಯಾಗಿ ಒತ್ತಿರಲ್ಲ" ಅಂದುಬಿಟ್ಟ. ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಅವಳು ಹೊರಟುಹೋದಳು.

ಮೊನ್ನೆ ಅದೇ ಕಂಪನಿಯ ಹೊಸ ಮಾಲು ಬಂತು. ಬಟನ್ ಒತ್ತಿಹಿಡಿದ. ತೆರೆಯ ಮೇಲಿನ ಅಂಕಿ ಪಾಸಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿತ್ತು. ಅಷ್ಟರಲ್ಲಿ ಬಟನ್ನಿನ ಬ್ಯಾಟರಿ ಸತ್ತಿತು. ಅಂಕಿ ತಳ ಸೇರಬೇಕಿತ್ತು; ಮೂರೇ ಡೆಸಿಬೆಲ್, ಅಂದರೆ ಅರ್ಧಕ್ಕೆ, ಇಳಿದು ನಿಂತುಬಿಟ್ಟಿತು. ಉಳಿದದ್ದು ಬಟನ್ನಿನದಲ್ಲ, ಅಳೆಯುವ ಯಂತ್ರದ್ದೇ ಒಳಗದ್ದಲ. ಸಿಗ್ನಲ್ ಇಷ್ಟು ಸಣ್ಣದಿದ್ದಾಗ ಬಟನ್ ಆಫ್ ಮಾಡಿ ಗದ್ದಲವೊಂದನ್ನೇ ಅಳೆದು ಕಳೆಯಬೇಕು. ಇಲ್ಲದಿದ್ದರೆ ಪಾತ್ರೆ ಸಮೇತ ಹಾಲು ತೂಗಿದ ಹಾಗೆ. ಹೊಸಬರಿಗೆಲ್ಲ ಇದನ್ನೇ ಹೇಳಿ ಹೇಳಿ ತಲೆ ತಿಂದವನು ಇವನೇ. ಕಳೆದು ನೋಡಿದ. ಬಟನ್ ಫೇಲು.

ಕೂಡಲೇ, ಹೆಂಡತಿಗೆ ಬಟನ್ ತಂದಿದ್ದ ಆ ಹಳೆಯ ಮಾಲಿನ ಫೈಲು ತೆಗೆದ. ಗದ್ದಲದ ಕಾಲಂ ಖಾಲಿ, ಕೆಳಗೆ ತನ್ನದೇ ಸಹಿ. ಅವತ್ತು ಮೊದಲ ಬಟನ್ನನ್ನು ಹೆಂಡತಿಗೆ ಒಯ್ಯುವ ಆತುರದಲ್ಲಿದ್ದ, ಪುಣ್ಯಾತ್ಮ.

ಹಳೇದನ್ನೆಲ್ಲ ಯಾಕೆ ಕೆದಕುತ್ತೀರಿ ಎಂದು ಮ್ಯಾನೇಜರ್ ಮುಖ ಸಿಂಡರಿಸಿದರು. ಇವನು ಜಗ್ಗಲಿಲ್ಲ. ತನ್ನ ವರದಿ ತಪ್ಪು, ಆ ಬಟನ್ನುಗಳನ್ನೆಲ್ಲ ವಾಪಸ್ ತರಿಸಿ ಎಂದು ಬರೆದು ಸಹಿ ಹಾಕಿಕೊಟ್ಟ. ಆಮೇಲೆ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದ. ಬ್ಯಾಟರಿ, ಗದ್ದಲ, ಖಾಲಿ ಕಾಲಂ, ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದ. ನೀನು ಒತ್ತಿದ್ದು ನಿಜ, ಈಗ ಗೊತ್ತಾಯಿತು, ತಪ್ಪಾಯಿತು ಎಂದ. ಮನೆಗೆ ಬಾ ಎನ್ನುವುದೊಂದು ಬಾಕಿ ಉಳಿಯಿತು.

ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಒತ್ತಿದ್ದೆ ಅಂತ ಅವತ್ತೇ ಹೇಳಿದ್ನಲ್ಲ," ಅಂದಳು. "ಇವತ್ತೂ ನೀವು ನಂಬ್ತಿರೋದು ಮೆಷೀನನ್ನೇ ತಾನೇ?"

ಅವಳು ಫೋನ್ ಇಟ್ಟಳು.