ಇಲಿಯಕ್ಕನ ಪೊರಕೆ

ಬೀದಿಯವರೆಲ್ಲ ಅವಳನ್ನು ಕರೆಯುವುದು ಇಲಿಯಕ್ಕ ಅಂತಲೇ. ಮುಂದೆ ಬೇಕರಿ, ಹಿಂದೆ ಮನೆ, ಅದರ ಹಿಂದೆ ಕಲ್ಲು ಹಾಸಿದ ಹಿತ್ತಲು. ಈ ಮೂರಕ್ಕೂ ಅವಳು ಹಿರಿಸೊಸೆ. ಬೆಳಗಿನ ಬ್ರೆಡ್ಡಿಗೆ ಹಿಟ್ಟು ಜರಡಿ ಹಿಡಿಯುವವಳು ಅವಳು, ತಟ್ಟೆಗಳಿಗೆ ಎಣ್ಣೆ ಸವರುವವಳು ಅವಳು, ಒಲೆ ಆರಿದ ಮೇಲೆ ಆ ತಟ್ಟೆಗಳನ್ನು ಉಜ್ಜುವವಳೂ ಅವಳೇ. ಬೇಕರಿಯ ಬೋರ್ಡಿನ ಮೇಲೆ ಮಾವನ ಹೆಸರಿನ ಮುಂದೆ ‘ಮತ್ತು ಮಕ್ಕಳು’ ಎಂದು ಬರೆದಿದೆಯೇ ಹೊರತು ಸೊಸೆಯರ ಸುದ್ದಿ ಇಲ್ಲ. ಅವಳ ಪಾಲಿಗೆ ಬಂದದ್ದು ಇಲಿಯ ಬಿರುದು.

ಅದು ಬಂದದ್ದು ಹಿತ್ತಲಿನ ಗೋಡೆಯಾಚೆ ತರಕಾರಿಯ ಸಗಟು ಮಾರುಕಟ್ಟೆ ಶುರುವಾದ ಮೇಲೆ. ಕೊಳೆತ ಸೊಪ್ಪು, ಒಡೆದ ಟೊಮೇಟೊ, ಹರಿದ ಚೀಲಗಳಿಂದ ಸೋರಿದ ಕಾಳು ಎಲ್ಲ ಅಲ್ಲಿ ಗುಡ್ಡೆ ಬಿದ್ದವು. ಇಲಿಗಳು ಮೊದಲು ಕತ್ತಲಲ್ಲಿ ಓಡಾಡಿದವು; ಸಂಸಾರ ಬೆಳೆದಂತೆ ಧೈರ್ಯವೂ ಬೆಳೆದು, ಹಗಲಲ್ಲೇ ಗೋಡೆಯ ಮೇಲೆ ಕೂತು ಮೀಸೆ ತೀಡತೊಡಗಿದವು. ಹಿತ್ತಲಿನ ಉಳಿದ ಜೀವಗಳು ಒಂದೊಂದಾಗಿ ಇಲ್ಲವಾದದ್ದನ್ನು ಕಂಡವಳು ಇಲಿಯಕ್ಕ. ನೆಲದ ಮೇಲೆ ಏನೇನು ಬಿದ್ದಿದೆ ಅಂತ ಗುಡಿಸುವವಳಿಗೆ ತಾನೆ ಗೊತ್ತಾಗುವುದು. ನಿಂಬೆಗಿಡದ ಕೆಳಗೆ ಪಿಕಳಾರದ ಮೊಟ್ಟೆಯ ಚೂರು ಸಿಕ್ಕಿತು. ಓತಿಕ್ಯಾತ ಮಣ್ಣಿನಲ್ಲಿ ಹೂತಿಟ್ಟಿದ್ದ ಮೊಟ್ಟೆಗಳ ಜಾಗದಲ್ಲಿ ಕೆದಕಿದ ಗುಂಡಿ ಮಾತ್ರ ಇತ್ತು. ಮೋರಿಯ ಕಪ್ಪೆಗಳು ವಟಗುಟ್ಟುವುದನ್ನು ನಿಲ್ಲಿಸಿದವು.

ಬೋನು ಇಡಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಹಿಟ್ಟಿನ ಮನೆಯಲ್ಲಿ ಪಾಷಾಣ ಇಡುವಂತಿಲ್ಲ. ಬೋನಿಗೆ ಕೈ ಹಾಕುವವರು ಯಾರು? ಗಂಡನದು ಹಿಟ್ಟು ನಾದುವ ಕೈ, ಇಲಿ ಮುಟ್ಟಬಾರದು. ಮೈದುನನಿಗೆ ವಾಕರಿಕೆ. ಅತ್ತೆಗೆ ಸೊಂಟ ಬಗ್ಗದು. ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತು. ಅವಳಿಗೆ ಬೋನು ಸಿಕ್ಕಿತು. ಸುಟ್ಟ ಬನ್ನಿನ ತುಂಡಿಗೆ ಎಣ್ಣೆ ಹಚ್ಚಿ ಕೊಕ್ಕೆಗೆ ಸಿಕ್ಕಿಸುವುದು, ಬೆಳಿಗ್ಗೆ ಬೋನನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮುಖ ಆಚೆ ತಿರುಗಿಸಿ ನಿಲ್ಲುವುದು, ಆಮೇಲೆ ಗುಂಡಿ ತೋಡುವುದು. ಅಷ್ಟಾದ ಮೇಲೆ ಕೈ ತೊಳೆದುಕೊಂಡು ಎಲ್ಲರಿಗೂ ಕಾಫಿ.

ಹೀಗಿರುವಾಗ ಮೈದುನನ ಮದುವೆಯಾಗಿ ಚಿಕ್ಕವಳು ಬಂದಳು. ಓದಿದವಳು, ಲೆಕ್ಕ ಚುರುಕು ಅಂತ ಅವಳನ್ನು ಗಲ್ಲಾ ಪೆಟ್ಟಿಗೆಯ ಹಿಂದೆ ಕೂರಿಸಿದರು. ಅವಳಿಗೆ ಹಕ್ಕಿಗಳೆಂದರೆ ಪ್ರಾಣ. ಬೇಕರಿಯ ಸೂರಿನಲ್ಲಿ ಅಷ್ಟಿಷ್ಟು ಉಳಿದಿದ್ದ ಗುಬ್ಬಿಗಳನ್ನು ಕಂಡು ಕುಣಿದಾಡಿಬಿಟ್ಟಳು. ಗಂಡನಿಂದ ಮರದ ಗೂಡುಪೆಟ್ಟಿಗೆಗಳನ್ನು ಮಾಡಿಸಿ ಹಿತ್ತಲಿನ ಗೋಡೆಗೆ ಹೊಡೆಸಿದಳು. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಅಕ್ಕಿನುಚ್ಚು ಎರಚಿ, ಕೈಕಟ್ಟಿಕೊಂಡು ನಿಂತು ನೋಡುವಳು. ಗುಬ್ಬಿಗಳು ಹೆಚ್ಚಿದವು. ಇದ್ದಬದ್ದ ಪೆಟ್ಟಿಗೆಗಳೆಲ್ಲ ತುಂಬಿದವು.

ಎರಚಿದ್ದನ್ನೆಲ್ಲ ಗುಬ್ಬಿ ತಿನ್ನುವುದಿಲ್ಲ. ಕಲ್ಲಿನ ಸಂದಿಯಲ್ಲಿ ಉಳಿದ ನುಚ್ಚು ಇಲಿಗಳಿಗೆ ಹಾಕಿದ ಎಲೆ. ಚಿಕ್ಕವಳು ಒಳಗೆ ಹೋದ ಮೇಲೆ ಇಲಿಯಕ್ಕ ಪೊರಕೆ ಹಿಡಿದು ಬರುವಳು. ಸಂದಿಸಂದಿಯನ್ನೂ ಗೋರಿ ತೆಗೆಯುವಳು. ಗೂಡುಗಳ ಪಕ್ಕದಲ್ಲೇ ಇಳಿದಿದ್ದ ಮಳೆನೀರಿನ ಪೈಪಿಗೆ, ಹಿಟ್ಟು ಕಲಸುವ ಮೆಷಿನ್ನಿನ ಗ್ರೀಸ್ ಬಳಿಯುವಳು. ಗ್ರೀಸಿನ ಮೇಲೆ ಹಿಟ್ಟಿನ ಧೂಳು ಕೂತರೆ ಇಲಿಯ ಕಾಲಿಗೆ ಹಿಡಿತ ಸಿಗುತ್ತದೆ. ಅದಕ್ಕೇ ಹಳೆಯದನ್ನು ಒರೆಸಿ ಮತ್ತೆ ಬಳಿಯಬೇಕು. ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಾಡುತ್ತಿದ್ದಾಳೆ ಎಂದು ಯಾರೂ ನೋಡಿರಲೂ ಇಲ್ಲ.

ಗಿರಾಕಿಯೊಬ್ಬರು ಹೇಳಿ ಪೇಪರಿನವನು ಬಂದ. ಅತ್ತೆ ಚಿಕ್ಕವಳಿಗೆ ಒಳ್ಳೆಯ ಸೀರೆ ಉಡಿಸಿದರು. ಅವಳು ಅಂಗೈಯಲ್ಲಿ ನುಚ್ಚು ಹಿಡಿದು, ತಲೆ ಎತ್ತಿ, ಗೂಡುಗಳ ಕೆಳಗೆ ನಿಂತಳು. ಮೂಲೆಯಲ್ಲಿ ಗುಡಿಸುತ್ತಿದ್ದ ಇಲಿಯಕ್ಕನಿಗೆ ಪೇಪರಿನವನು, “ಅಮ್ಮಾ, ಸ್ವಲ್ಪ ಆ ಕಡೆ ಹೋಗ್ತೀರಾ?” ಎಂದ.

ಮಾರನೆಯ ದಿನ ಚಿತ್ರ ಬಂತು. ಮೇಲೆ ದಪ್ಪಕ್ಷರ: ‘ಗುಬ್ಬಿಗಳ ತಾಯಿ’. ಅಂಚಿನಲ್ಲಿ ನಾಲ್ಕಾರು ಕಡ್ಡಿಗಳು ಕಾಣುತ್ತಿದ್ದವು.

“ನೋಡೇ, ನಿನ್ನ ಪೊರಕೇನೂ ಪೇಪರಿಗೆ ಬಂದುಬಿಡ್ತು!” ಎಂದು ಗಂಡ ಹೊಟ್ಟೆ ಹಿಡಿದು ನಕ್ಕ.

“ಹೌದ್ರೀ, ಪೊರಕೆಗೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿ,” ಎಂದಳು ಇಲಿಯಕ್ಕ.

ಅವನು ಇನ್ನೂ ಜೋರಾಗಿ ನಕ್ಕ. ಅತ್ತೆ ಆ ಪುಟವನ್ನು ಬೇಕರಿಯ ಗಾಜಿಗೆ ಅಂಟಿಸಿದರು. ಬ್ರೆಡ್ಡಿಗೆ ಬಂದವರೆಲ್ಲ ಓದಿ, “ಎಂಥಾ ಕರುಣೆ ಅಮ್ಮಾ ನಿಮ್ಮದು!” ಎಂದರು. ಚಿಕ್ಕವಳು ಕೆಂಪಾದಳು. ಒಳಗೆ ತಟ್ಟೆ ಉಜ್ಜುತ್ತಿದ್ದವಳ ಹೊಟ್ಟೆಯೊಳಗೆ ಬೇಕರಿ ಒಲೆಗಿಂತ ದೊಡ್ಡ ಒಲೆ ಹೊತ್ತಿತು. ಒಂದು ಹಿಡಿ ನುಚ್ಚು ಎಸೆದರೆ ಕರುಣೆ. ಇಲಿ ಮುಳುಗಿಸಿ ಗುಂಡಿ ತೋಡಿದರೆ? ಅದು ಮನೆಗೆಲಸ. ಆ ಹುಡುಗಿಯ ಕತ್ತನ್ನು ಸಹ ಅವಳಿಗೆ ಸಹಿಸಲಾಗಲಿಲ್ಲ. ತಲೆ ಎತ್ತಿ ನಿಂತು ನಿಂತೇ ಅದು ಅಷ್ಟು ಉದ್ದವಾಗಿರಬೇಕು. ತನ್ನದು ಬಗ್ಗಿ ಬಗ್ಗಿ ಭುಜದೊಳಗೇ ಇಳಿದುಹೋಗಿದೆ.

ಆ ಸಂಜೆ ಅವಳು ಪೊರಕೆ ಮುಟ್ಟಲಿಲ್ಲ.

ಬೇಕರಿಯ ಒಳಗಿನ ಬೋನುಗಳನ್ನು ಎಂದಿನಂತೆ ಇಟ್ಟಳು, ಹಿಟ್ಟು ಎಲ್ಲರದು. ಹಿತ್ತಲಿನ ಬೋನುಗಳನ್ನು ಮಾತ್ರ ತೊಳೆದು ಅಟ್ಟಕ್ಕೆ ಹಾಕಿದಳು. ತಾಯಿ ಇದ್ದಾಳಲ್ಲ, ಮಕ್ಕಳನ್ನು ನೋಡಿಕೊಳ್ಳುತ್ತಾಳೆ ಅಂತ ಮನಸ್ಸಿನಲ್ಲೇ ಅಂದುಕೊಂಡಳು. ಮುಂದೇನಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೆಂದೇನಲ್ಲ. ಕೆಲವು ದಿನ ಕಳೆಯುವಷ್ಟರಲ್ಲಿ ಪೈಪಿನ ಗ್ರೀಸು ಧೂಳು ಕುಡಿದು ಬೆಳ್ಳಗಾಯಿತು. ಅದರ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಗುರುತುಗಳು ಮೂಡಿ, ದಿನಕ್ಕಿಷ್ಟು ಮೇಲೇರಿದವು. ಬಟ್ಟೆ ಒಣಹಾಕುವಾಗ ಅವಳು ಅವನ್ನು ನೋಡಿದಳು. ಮರಿಗಳ ಚಿಲಿಪಿಲಿ ಕೇಳಿಸುತ್ತಿತ್ತು. ಒಂದು ಬಟ್ಟೆ ತೆಗೆದುಕೊಂಡು ಪೈಪು ಒರೆಸಿದ್ದರೆ ಆಗಿಹೋಗುತ್ತಿತ್ತು. ಅಷ್ಟರಲ್ಲಿ ಮುಂದಿನಿಂದ ಯಾರೋ ಗಿರಾಕಿ, “ಗುಬ್ಬಿ ತಾಯಿ ಇದ್ದಾರಾ?” ಎಂದು ಕೂಗಿದರು. ಇಲಿಯಕ್ಕ ಬಟ್ಟೆಯನ್ನು ಹಿಂಡಿ ತಂತಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಚಿಕ್ಕವಳ ಕಿರುಚಾಟಕ್ಕೆ ಮನೆಯೆಲ್ಲ ಹಿತ್ತಲಿಗೆ ಓಡಿತು. ಗೂಡುಗಳ ಕೆಳಗೆ ಹುಲ್ಲು, ಹತ್ತಿ, ಪುಕ್ಕ, ಇನ್ನೂ ಕಣ್ಣು ಬಿಡದ ಮರಿಯೊಂದರ ರೆಕ್ಕೆ. ದೊಡ್ಡ ಗುಬ್ಬಿಗಳು ತಂತಿಯ ಮೇಲೆ ಕೂತು ಒಂದೇ ಸಮನೆ ಅರಚುತ್ತಿದ್ದವು. ಪೈಪಿನಿಂದ ದೂರಕ್ಕೆ, ಬೇಕರಿ ಒಲೆಯ ಹೊಗೆಗೂಡಿನ ಪಕ್ಕದಲ್ಲಿದ್ದ ಒಂದು ಪೆಟ್ಟಿಗೆ ಮಾತ್ರ ಉಳಿದಿತ್ತು.

ಅತ್ತೆ ಮೊದಲು ಚಿಕ್ಕವಳನ್ನು ತಬ್ಬಿಕೊಂಡರು. ಆಮೇಲೆ ತಿರುಗಿದರು. “ಏನೇ ದೊಡ್ಡವಳೇ, ಇಲಿಗಳು ಇಷ್ಟು ಮೇಲೆ ಹತ್ತೋವರೆಗೂ ಏನು ಕತ್ತೆ ಕಾಯ್ತಿದ್ದೆ? ಬೋನೆಲ್ಲಿ? ದಿನಾ ಗುಡಿಸ್ತಿದ್ದವಳಿಗೆ ಈಗೇನು ಬಂತು ರೋಗ?”

ದಿನಾ ಗುಡಿಸ್ತಿದ್ದವಳು! ಅಂದರೆ ಅತ್ತೆಗೆ ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ ಅವಳ ಕೆಲಸದ ಬಗ್ಗೆ ಆ ಬಾಯಿಂದ ಬಂದ ಮೊದಲ ಮಾತು ಇದು, ಅದೂ ಬೈಗುಳವಾಗಿ. ಉತ್ತರ ಕೊಡಬೇಕೆಂದು ಬಾಯಿ ತೆರೆದ ಇಲಿಯಕ್ಕನ ಕಣ್ಣು ಆ ರೆಕ್ಕೆಯ ಮೇಲೆ ಬಿತ್ತು.

ಎಲ್ಲರೂ ಒಳಗೆ ಹೋದರು. ಚಿಕ್ಕವಳು ಮಾತ್ರ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು.

“ಅಕ್ಕಾ, ಅತ್ತೆ ಏನು ಹೇಳಿದ್ದು? ದಿನಾ ಏನು ಗುಡಿಸ್ತಿದ್ರಿ?”

“ನೀನು ಎರಚಿದ್ದು.”

“ಅದು… ಉಳೀತಿತ್ತಾ?”

“ಮತ್ತೆ ಎಲ್ಲಿ ಹೋಗ್ತಿತ್ತು ಅಂದ್ಕೊಂಡಿದ್ದೆ?”

“ಗುಬ್ಬಿಗಳೇ ಪೂರ್ತಿ ತಿಂದು ಹೋಗ್ತಿದ್ವು ಅಂತ. ಬೆಳಿಗ್ಗೆ ನೋಡಿದ್ರೆ ಕಲ್ಲು ಕನ್ನಡಿ ಹಾಗಿರ್ತಿತ್ತಲ್ಲಕ್ಕ.”

ಇಲಿಯಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. “ನಿನ್ನ ಗುಬ್ಬಿಗಳು ಊಟ ಮಾಡಿ ನೆಲಾನೂ ಒರೆಸ್ತಿದ್ವಾ? ಅಂಥ ಗಂಡಸರು ಸಿಕ್ಕಿದ್ರೆ ಹೇಳು, ನಾನೂ ಎರಡು ಸಾಕ್ತೀನಿ.”

ಚಿಕ್ಕವಳು ನಗಲಿಲ್ಲ. ಪೈಪಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿದಳು. “ಇದೇನಕ್ಕ, ಅಂಟು?”

“ಗ್ರೀಸು. ಒರೆಸಿ ಒರೆಸಿ ಬಳೀಬೇಕು.”

“ಈ ಸಲ ಯಾಕೆ ಬಳೀಲಿಲ್ಲ?”

ಇಲಿಯಕ್ಕ ಸುಳ್ಳು ಹೇಳಬಹುದಿತ್ತು. ಮೈಗೆ ಹುಷಾರಿರಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. “ಹೊಟ್ಟೆಕಿಚ್ಚಿಗೆ,” ಎಂದಳು. “ನಿನ್ನ ಫೋಟೋ ನೋಡಿ.”

ಚಿಕ್ಕವಳು ಪೈಪಿನಿಂದ ಬೆರಳು ತೆಗೆದಳು. “ನನ್ನ ಮೇಲಿನ ಸಿಟ್ಟಿಗೆ ಮರಿಗಳನ್ನ ತಿನ್ನಿಸಿಬಿಟ್ರಾ?”

“ಹೂಂ.”

ಅವಳು ಹೊರಟುಹೋದಳು. ಎರಡು ದಿನ ಮಾತಿರಲಿಲ್ಲ. ಅತ್ತೆಗೆ ಹೇಳಿಕೊಟ್ಟಾಳು ಎಂದು ಇಲಿಯಕ್ಕ ಕಾದಳು, ಹೇಳಲಿಲ್ಲ. ಆ ಎರಡು ದಿನವೂ ಇಲಿಯಕ್ಕ ಹೊಗೆಗೂಡಿನ ಕೆಳಗೆ ಬೋನಿಟ್ಟು, ಪೈಪಿಗೆ ಹೊಸ ಗ್ರೀಸು ಬಳಿದಳು. ಉಳಿದ ಆ ಒಂದು ಪೆಟ್ಟಿಗೆ ಇಲಿ ಪಾಲಾದರೆ ಈ ಮನೆಯಲ್ಲಿ ತಾನು ತಲೆ ಎತ್ತುವುದು ಹೇಗೆ?

ಮೂರನೆಯ ಸಂಜೆ ಚಿಕ್ಕವಳು ಹಿತ್ತಲಿಗೆ ಬಂದಳು. ನುಚ್ಚು ಎರಚಿದಳು, ಈ ಸಲ ಅರ್ಧ ಹಿಡಿ. ಆಮೇಲೆ ಇಲಿಯಕ್ಕನ ಕೈಯಿಂದ ಪೊರಕೆ ಕಿತ್ತುಕೊಂಡಳು. “ನಾನು ಎರಚಿದ್ದು ನಾನೇ ಗುಡಿಸ್ತೀನಿ. ಬೋನನ್ನೂ ನಾನೇ ಎತ್ತುತ್ತೀನಿ. ನೀವು ಕೂತ್ಕೊಳ್ಳಿ.” ದನಿಯಲ್ಲಿ ಪ್ರೀತಿ ಇರಲಿಲ್ಲ.

ಕಿಟಕಿಯಿಂದ ಅತ್ತೆ ಇಣುಕಿದರು. “ಅಯ್ಯೋ ಪಾಪ! ನೋಡ್ರೋ, ಓದಿದ ಹುಡುಗಿ, ಬೋನು ಕೂಡ ಎತ್ತುತ್ತಾಳಂತೆ! ಎಂಥಾ ಗುಣ!”

ಇಲಿಯಕ್ಕ ಹಲ್ಲು ಕಡಿದಳು. ಹೋಗಿ ಪೊರಕೆ ಕಿತ್ತುಕೊಳ್ಳಬೇಕೆನ್ನಿಸಿತು. ಆದರೂ ಮೆಟ್ಟಿಲ ಮೇಲೆ ಕುಕ್ಕರಿಸಿ, ಕೈಯಲ್ಲಿ ಮಾಡಲು ಏನೂ ಇಲ್ಲದ್ದರಿಂದ, ತಲೆ ಎತ್ತಿದಳು.

ಹೊಗೆಗೂಡಿನ ಪಕ್ಕದ ಪೆಟ್ಟಿಗೆಯಿಂದ ಹಳದಿ ಬಾಯಿಗಳು ಹೊರಗೆ ಚಾಚಿದ್ದವು. ಒಂದು ಗುಬ್ಬಿ ಬಂದು ಉಣಿಸಿ ಹಾರಿತು. ಇನ್ನೊಂದು ಬಂತು, ಅದರ ಕೊರಳಿಗೆ ಕಪ್ಪು ಗಡ್ಡ. ಓ, ಗಂಡು! ಇದೂ ಉಣಿಸುತ್ತದೆಯೇ? ಇಷ್ಟು ವರ್ಷ ಇವುಗಳ ಕೆಳಗೇ ಬಗ್ಗಿ ಓಡಾಡಿದ್ದಳು; ಗಂಡಿಗೆ ಗಡ್ಡವಿದೆ ಎಂಬುದು ಅವಳ ಕಣ್ಣಿಗೆ ಬಿದ್ದದ್ದು ಈಗ. ಬಿಸಿಲು ಗೋಡೆಯಿಂದ ಇಳಿದು ಹೋಗುವವರೆಗೂ ಅವಳು ಹಾಗೇ ಕೂತಿದ್ದಳು. ಕತ್ತು ನೋಯಿತು. ಹಿತವಾದ ನೋವು.

ಪೊರಕೆಯ ಸದ್ದು ನಿಂತಿತು. ಅವಳು ಚಿಕ್ಕವಳ ಕಡೆ ತಿರುಗಿದಳು. ಇಷ್ಟೊಂದು ಸುಖವನ್ನು ದಿನಕ್ಕೆರಡು ಸಲ ಇವಳೊಬ್ಬಳೇ ನುಂಗುತ್ತಿದ್ದಳಲ್ಲ! ಫೋಟೋ ನೋಡಿದಾಗ ಹೊತ್ತಿದ ಕಿಚ್ಚು ಇದರ ಮುಂದೆ ಕಿಡಿ ಅನ್ನಿಸಿತು.

“ಆ ಮೂಲೆ ಬಿಟ್ಟೆ, ಸರಿಯಾಗಿ ಗುಡಿಸು,” ಎಂದಳು. “ನಾಳೆ ಸಂಜೆನೂ ನೀನೇ.”