ನನ್ನ ರಾಜ್ಯ ಹಳದಿಯಾಗಿದ್ದಷ್ಟು ದಿನ

ಸೋಮವಾರ ಸಂಜೆ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೊಲ್ಲಿ ದೇಶದಲ್ಲಿ, ಸಿಲಿಕಾನ್ ಓಯಸಿಸ್ ಎಂಬ ಬಡಾವಣೆಯ ನಮ್ಮ ಆಫೀಸಿಗೆ ಅಮೆರಿಕದಿಂದ ನಕ್ಷೆ ಬರುತ್ತಿದ್ದುದು ಆಗಲೇ. ಅಲ್ಲಿಯವರಿಗೆ ಅದು ಬೆಳಗ್ಗೆ. ಅಲ್ಲಿನ ಅಧ್ಯಕ್ಷ ಚುನಾವಣೆಗೆ ನಿಂತ ಒಬ್ಬ ಅಭ್ಯರ್ಥಿಯ ಟಿವಿ ಜಾಹೀರಾತು ಯಾವ ಚಾನೆಲ್ಲಿನಲ್ಲಿ, ಯಾವ ಹೊತ್ತಿಗೆ ಬರಬೇಕೆಂದು ಗೊತ್ತುಮಾಡುವ ಕೆಲಸ ನಮ್ಮದು. ಒಬ್ಬೊಬ್ಬರಿಗೆ ಒಂದೊಂದು ರಾಜ್ಯ. ನನ್ನ ರಾಜ್ಯದ ಹೆಸರು ಹೇಳುವ ಹಾಗಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ. ಅದನ್ನು ನಾನು ಕಣ್ಣಾರೆ ನೋಡಿದವಳೂ ಅಲ್ಲ.

ನಕ್ಷೆಯಲ್ಲಿ ಗೆಲುವು ಖಂಡಿತವಾದ ರಾಜ್ಯ ಹಸಿರು, ಸೋಲು ಖಂಡಿತವಾದದ್ದು ಬೂದು. ಎರಡಕ್ಕೂ ಬಿಡಿಗಾಸಿಲ್ಲ. ಅಲ್ಲಿ ಹೆಚ್ಚಿನ ಕಡೆ ಒಂದೇ ಓಟು ಹೆಚ್ಚು ಬಿದ್ದರೂ ಇಡೀ ರಾಜ್ಯ ಗೆದ್ದವನ ಪಾಲು. ಹಾಗಿರುವಾಗ ಗೆದ್ದಲ್ಲಿ ಇನ್ನಷ್ಟು ಗೆಲ್ಲಲು, ಸೋತಲ್ಲಿ ಸ್ವಲ್ಪ ಕಡಿಮೆ ಸೋಲಲು ಯಾರಾದರೂ ಹಣ ಸುರಿಯುತ್ತಾರೆಯೇ? ಸುರಿಯುವುದೆಲ್ಲ ಹಳದಿಗೆ, ಅತ್ತಲೂ ಇತ್ತಲೂ ವಾಲದ ರಾಜ್ಯಗಳಿಗೆ. ಹಳದಿ ಅಳಿಸಿದರೆ ಆ ರಾಜ್ಯದ ಮೇಜು ಹೋಯಿತು, ಮೇಜಿನವರ ವೀಸಾವೂ ಹೋಯಿತು. ನನ್ನ ವೀಸಾದ ಮೇಲೆ ಗಂಡ, ಮಗಳು ಇಬ್ಬರೂ ನಿಂತಿದ್ದರು. ಅಲ್ ಕೂಜ್‌ನ ಗೋದಾಮಿನಲ್ಲಿದ್ದ ಗಂಡನ ಕೆಲಸ ಆಗಲೇ ಹೋಗಿತ್ತು.

ಹಾಗಾಗಿ ದಿನಾ ದೀಪ ಹಚ್ಚಿ ಬೇಡಿಕೊಳ್ಳುತ್ತಿದ್ದೆ: ಗೆಲ್ಲಿಸಬೇಡಪ್ಪಾ, ಸೋಲಿಸಲೂ ಬೇಡ, ಹೀಗೇ ತೂಗಾಡಿಸುತ್ತಿರು.

"ಎಂತ ಮಾರಾಯ್ತಿ, ದೇವರಿಗೂ ಮಂಡೆಬಿಸಿ ಮಾಡ್ತೀಯಲ್ಲ!" ಎಂದು ಗಂಡ ನಗುತ್ತಿದ್ದರು. ನಗು ಬಾಯಲ್ಲಿ ಮಾತ್ರ.

ನಾನು ಬಾಗಿಲು ತೆರೆಯುವುದೇ ತಡ ಮಗಳು ಕೇಳುತ್ತಿದ್ದಳು: "ಮಮ್ಮಾ, ಆರ್ ವಿ ವಿನ್ನಿಂಗ್?"

"ಇಲ್ಲ ಮಗಾ, ದೇವರ ದಯೆ."

ಒಂದು ಸೋಮವಾರ ಪಕ್ಕದ ಮೇಜಿನವರ ರಾಜ್ಯ ಬೂದಾಯಿತು. ಉಳ್ಳಾಲ ಕಡೆಯ ಬ್ಯಾರಿ, ನನ್ನ ಜೊತೆಗೇ ಸೇರಿದವರು. "ಖಲಾಸ್ ಅಕ್ಕ, ನನ್ನದು ಮುಗೀತು. ನಿಮ್ಮದಾದ್ರೂ ಉಳೀಲಿ," ಎಂದು ಚಹಾದ ಲೋಟ ಎತ್ತಿಕೊಂಡು ಹೊರಟರು. ಅವರ ರಾಜ್ಯದ ಹಣವೆಲ್ಲ ನನ್ನ ರಾಜ್ಯಕ್ಕೆ ತಿರುಗಿತು. ಉಳಿದವರು ಅದೃಷ್ಟವಂತೆ ಎಂದರು. ನನಗೋ ಒಂದೇ ಚಿಂತೆ: ಇಷ್ಟು ಹಣ ಬಿದ್ದರೆ ತಕ್ಕಡಿ ವಾಲದೆ ಇರುತ್ತದೆಯೇ?

"ಜಾಹೀರಾತನ್ನು ಯಾರೂ ನೋಡದ ಹೊತ್ತಿಗೆ ಹಾಕಿಬಿಡು. ಹಳದಿ ಉಳೀತದೆ," ಎಂದರು ಗಂಡ.

ನನಗೆ ಎಲ್ಲಿತ್ತೋ ಸಿಟ್ಟು. "ಗೋದಾಮಿನಲ್ಲಿ ನೀವು ಲೋಡು ಬೇಕೆಂದೇ ತಪ್ಪಿಸಿ ಕಳಿಸ್ತಿದ್ರಾ?" ಎಂದೆ.

ಜಾಹೀರಾತನ್ನು ಬೆಳಗಿನ ಹವಾಮಾನ ವರದಿಗೆ ತಾಗಿಸಿಯೇ ಹಾಕಿದೆ. ಅದು ಚಳಿಯ ಊರು. ಮಕ್ಕಳಿಗೆ ಸ್ವೆಟರ್ ಬೇಕೋ ಬೇಡವೋ ಎಂದು ತಾಯಂದಿರು ಅದನ್ನಂತೂ ನೋಡಿಯೇ ನೋಡುತ್ತಾರೆ. ಹಾಳಾದ್ದು, ಕೆಲಸ ಕೆಡಿಸಲು ನನಗೆ ಬರುವುದಿಲ್ಲ.

ಆಮೇಲೆ ಪ್ರತಿ ನಕ್ಷೆಯಲ್ಲೂ ಹಳದಿ ಸ್ವಲ್ಪ ಸ್ವಲ್ಪ ತಿಳಿಯಾಗುತ್ತ ಬಂತು. ಮಗಳ ಶಾಲೆಯಿಂದ ಮುಂದಿನ ವರ್ಷದ ಮಾತು ಬಂದರೆ ಫೋನನ್ನೇ ಮಗುಚಿ ಇಡುತ್ತಿದ್ದೆ. ಕೊನೆಗೊಂದು ಸೋಮವಾರ ನಕ್ಷೆ ತೆರೆದಾಗ ನನ್ನ ರಾಜ್ಯ ಹಸಿರಾಗಿತ್ತು. ಮ್ಯಾನೇಜರ್ ನನ್ನನ್ನು ಎದ್ದು ನಿಲ್ಲಲು ಹೇಳಿ, ಬೆಳಗಿನ ಹವಾಮಾನದ ಉಪಾಯಕ್ಕೆ ಅಮೆರಿಕದವರು ಕಳಿಸಿದ್ದ ಹೊಗಳಿಕೆಯನ್ನು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಮಾಡಬೇಕೆಂದು ತಿಳಿಯದೆ ನಾನೂ ತಟ್ಟಿದೆ. ತಟ್ಟಿ ಮುಗಿದ ಮೇಲೆ ಮ್ಯಾನೇಜರ್ ತಗ್ಗಿದ ದನಿಯಲ್ಲಿ, ತಿಂಗಳ ಕೊನೆಯವರೆಗೆ ಬನ್ನಿ ಎಂದರು.

ಮನೆಗೆ ಬಂದಾಗ ಗಂಡ ಅಡಿಗೆಮನೆಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದರು. ಮಗಳು ಓಡಿ ಬಂದಳು.

"ಮಮ್ಮಾ, ಆರ್ ವಿ ವಿನ್ನಿಂಗ್?"

"ಹೌದು ಮಗಾ, ಗೆದ್ದೆವು."

ಅವಳು ಸೋಫಾ ಹತ್ತಿ ಕುಣಿಯತೊಡಗಿದಳು. ಗಂಡ ಗ್ಯಾಸು ಆರಿಸಿ ಹೊರಗೆ ಬಂದರು. ನನ್ನ ಹೆಗಲಿನ ಬ್ಯಾಗನ್ನು ಇಳಿಸಿಕೊಂಡರು.