ಮೊದಲನೇ ಗಂಟು

ಆಗಿನ ಚಳಿಗೆ ಮಾನ ಮರ್ಯಾದೆ ಅನ್ನುವುದು ಇರಲಿಲ್ಲ. ಈಗ ಧನುರ್ಮಾಸ ಬಂದರೆ ಜನ ಒಂದು ಸ್ವೆಟರ್ ಏರಿಸಿಕೊಂಡು ಸುಮ್ಮನಾಗುತ್ತಾರೆ. ಆಗ ಅದು ಕಂಬಳಿಯೊಳಗೂ ಬಂದು ಮೂಳೆ ಕೊರೆಯುತ್ತಿತ್ತು. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತಿತ್ತು. ನಕ್ಕರೆ ತುಟಿ ಒಡೆದು ರಕ್ತ ಬರುತ್ತಿತ್ತು, ಹಾಗಾಗಿ ನಾವು ಆ ಎರಡು ತಿಂಗಳು ನಗುವುದನ್ನೇ ಕಡಿಮೆ ಮಾಡುತ್ತಿದ್ದೆವು. ಹಿಮ್ಮಡಿಯ ಬಿರುಕಿಗೆ ಮಣ್ಣು ಸೇರಿದರೆ ಹೇಗೆ ಉರಿಯುತ್ತದೆ ಎಂದು ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ. ಅಂಥ ಚಳಿಯಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ನಮ್ಮನ್ನು ಮೊಪೆಡ್ಡಿನ ಹಿಂದೆ ಹಗ್ಗ ಹಿಡಿಸಿ ಓಡಿಸಿದರು.

ಓಡಿಸಿದವರು ನಮ್ಮ ಪಿ.ಟಿ. ಮೇಷ್ಟ್ರು. ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು, ಎರಡು ಕಾಲುಗಳ ನಡುವೆ ಟೀ ತುಂಬಿದ ಫ್ಲಾಸ್ಕು. ಅವರ ಮೈಯಲ್ಲಿ ಚಳಿಗೆ ಕಾಣುವಂತೆ ಇದ್ದದ್ದು ಮೂಗು ಒಂದೇ. ಮೊಪೆಡ್ಡಿನ ಕ್ಯಾರಿಯರಿಗೆ ಎತ್ತಿನ ಗಾಡಿಯ ಹಳೇ ಹಗ್ಗ ಬಿಗಿದು, ಅದಕ್ಕೆ ದೂರ ದೂರಕ್ಕೆ ಮೂರು ಗಂಟು ಹಾಕಿದ್ದರು. ಒಬ್ಬೊಬ್ಬ ಹುಡುಗಿಗೆ ಒಂದೊಂದು ಗಂಟು. ಶಾಲೆಯ ಗೇಟಿನಿಂದ ಹಿಂದೂಪುರದ ರಸ್ತೆ ಹಿಡಿದು ಕೆರೆ ಏರಿಯವರೆಗೆ ಹೋಗಿ ತಿರುಗಿ ಬರಬೇಕು. ನಡುವೆ ನೀರು ಕೇಳುವಂತಿಲ್ಲ, ಗಂಟು ಬಿಡುವಂತಿಲ್ಲ.

"ಗಂಟು ಬುಟ್ಟೋರಿಗೆ ಟೀ ಇಲ್ಲ ಕಣ್ರೇ. ಬಾಯಿಗೆ ಸಿಗ್ದೆ ಇದ್ರೂ ಬೆನ್ನಿಗೆ ಸಿಗ್ತದೆ," ಅನ್ನುತ್ತಿದ್ದರು. ಬೆನ್ನಿಗೆ ಸಿಗುತ್ತಿದ್ದದ್ದು ಹುಣಸೆ ಬರಲಿನ ಏಟು. ಮರಗಟ್ಟಿದ ಮೈಮೇಲೆ ಅದು ಬಿದ್ದರೆ ಮೊದಲು ಏನೂ ಗೊತ್ತಾಗುತ್ತಿರಲಿಲ್ಲ. ಮನೆಗೆ ಹೋಗಿ ಬಿಸಿನೀರು ಹುಯ್ದುಕೊಂಡಾಗ ಪ್ರಾಣ ಹೋಗುತ್ತಿತ್ತು.

ಮೊಪೆಡ್ಡಿಗೆ ಹತ್ತಿರದ ಮೊದಲನೇ ಗಂಟು ನನ್ನದು. ಎರಡನೆಯದು ಭಾಗ್ಯಳದು. ಭಾಗ್ಯ ನಮ್ಮ ದೊಡ್ಡಪ್ಪನ ಮಗಳು, ನನಗಿಂತ ನಾಲ್ಕೈದು ತಿಂಗಳಿಗೆ ದೊಡ್ಡವಳು. ಒಂದೇ ಮನೆ, ಒಂದೇ ಕ್ಲಾಸು, ಒಂದೇ ಕಂಬಳಿ. ಮೂರನೆಯ ಗಂಟು ಕೆಳಗಿನ ಬೀದಿಯ ಲಕ್ಷ್ಮಿಯದು. ಮೊದಲನೇ ಗಂಟು ಹಿಡಿದವಳ ಮುಖಕ್ಕೆ ಹೊಗೆಯೆಲ್ಲ ಬಡಿಯುತ್ತಿತ್ತು, ಮೂಗು ಒರೆಸಿದರೆ ಮಸಿ ಬರುತ್ತಿತ್ತು. ಆದರೂ ನಾನು ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. "ನಿಂಗೆ ದಮ್ಮು ಐತೆ ಗಿರಿಜಾ, ನೀನು ಮುಂದಿರು," ಎಂದು ಮೇಷ್ಟ್ರೇ ಅಂದಿದ್ದರು. ಆ ಮಾತಿಗೆ ಉಬ್ಬಿಹೋದ ನಾನು ಆ ಚಳಿಗಾಲವೆಲ್ಲ ಹೊಗೆ ಕುಡಿದೆ.

ಇಷ್ಟಕ್ಕೂ ನಾವು ಓಡುತ್ತಿದ್ದದ್ದು ಒಂದು ಸೀಟಿಗಾಗಿ. ಸಂಕ್ರಾಂತಿ ಕಳೆದ ಮೇಲೆ ಮಧುಗಿರಿಯ ಮೈದಾನದಲ್ಲಿ ಆಯ್ಕೆಯ ಓಟ ಇತ್ತು. ಮೂರು ಸಾವಿರ ಮೀಟರು ಗೆದ್ದ ಒಬ್ಬಳಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ. ಊಟ, ಬಟ್ಟೆ, ಬೂಟು, ಕಾಲೇಜಿನವರೆಗೂ ಓದು. ಆ ಸೀಟು ಸಿಗದವಳಿಗೆ ಏನು ಎಂಬುದೂ ನಮಗೆ ಗೊತ್ತಿತ್ತು. ನಮ್ಮೂರಿನ ಹುಡುಗಿಯರು ಹತ್ತನೇ ಕ್ಲಾಸು ಮುಗಿಸಿದ ಮಾರನೇ ತಿಂಗಳೇ ಟಿಫನ್ ಬಾಕ್ಸ್ ಹಿಡಿದು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದರು. ನಾವು ಓಡುವಾಗ ಆ ಬಸ್ಸು ಮಂಜಿನಲ್ಲಿ ಎದುರಿಗೆ ಬರುತ್ತಿತ್ತು. ಕಿಟಕಿಗೆ ತಲೆ ಆನಿಸಿ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ ಅಕ್ಕಂದಿರನ್ನು ಕಂಡರೆ ನನ್ನ ಕಾಲು ತಾನಾಗಿಯೇ ಜೋರಾಗುತ್ತಿತ್ತು.

ಊರಿನವರಿಗೆ ನಾವೊಂದು ತಮಾಷೆ. ಟೀ ಅಂಗಡಿಯ ಬೆಂಕಿಯ ಸುತ್ತ ಕೂತ ಗಂಡಸರು, "ಬಂದ್ವು ನೋಡ್ರಲಾ ಮೇಷ್ಟ್ರ ಮೇಕೆಗಳು, ಯಾವ ಸಂತೆಗೆ ಸಾ?" ಎಂದು ಕೂಗುತ್ತಿದ್ದರು. ಮೇಷ್ಟ್ರೂ ಅವರ ಜೊತೆ ನಗುತ್ತಿದ್ದರು. ಒಂದು ದಿನ ಏರಿಯ ಇಳಿಜಾರಿನಲ್ಲಿ ಲಕ್ಷ್ಮಿ ಮುಗ್ಗರಿಸಿದಳು. ಗಂಟು ಬಿಟ್ಟರೆ ಏಟು ಬೀಳುತ್ತದೆಂದು ಬಿಡಲಿಲ್ಲ. ಹಗ್ಗ ಅವಳನ್ನು ಜಲ್ಲಿಯ ಮೇಲೆ ಎಳೆದುಕೊಂಡು ಹೋಯಿತು. ಮುಂದಿನ ಹಲ್ಲು ಮುರಿಯಿತು, ಮಂಡಿಯ ಚರ್ಮ ಎದ್ದು ಬಂತು. ಅವಳ ಅಪ್ಪ ಶಾಲೆಗೆ ಬಂದಾಗ ಮೇಷ್ಟ್ರು, "ಹೋಗಿದ್ದು ಹಲ್ಲು ತಾನೇ? ಓಡೋದು ಕಾಲಲ್ಲಿ," ಅಂದರು. ಆ ಮನುಷ್ಯ ಟವೆಲ್ಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು, "ಅಂಗೇ ಆಗ್ಲಿ ಬುಡಿ ಸಾ," ಎಂದು ಹೊರಟುಹೋದ. ಲಕ್ಷ್ಮಿ ಮತ್ತೆ ಓಡಲಿಲ್ಲ. ಹಗ್ಗದಲ್ಲಿ ನಾವಿಬ್ಬರೇ ಉಳಿದೆವು.

ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಏನೇ ಬಂದರೂ ಮೊದಲು ದೊಡ್ಡಪ್ಪನ ಮಕ್ಕಳಿಗೆ, ಆಮೇಲೆ ನಮಗೆ. ಹಬ್ಬದ ಎಣ್ಣೆಸ್ನಾನಕ್ಕೆ ಮೊದಲು ಅವರು ಕೂರಬೇಕು. ಹೊಸ ಬಟ್ಟೆಯ ಗಂಟು ಬಿಚ್ಚಿದರೆ ಮೊದಲು ಅವರು ಆರಿಸಬೇಕು. ಓಡಿ ಬಂದ ಮೇಲೂ ಅದೇ. ಹಂಡೆಯ ಬಿಸಿನೀರು ಮೊದಲು ಭಾಗ್ಯಳಿಗೆ, ಕೊನೆಗೆ ಉಳಿದ ಉಗುರುಬೆಚ್ಚಗಿನದು ನನಗೆ. ಎಣ್ಣೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ ದೊಡ್ಡಮ್ಮ ಮೊದಲು ಭಾಗ್ಯಳ ಹಿಮ್ಮಡಿಗೆ ತಿಕ್ಕುತ್ತಿದ್ದಳು, ಆಮೇಲೆ ಅಂಗೈಗೆ ಮೆತ್ತಿದ್ದನ್ನು ನನ್ನ ಕಾಲಿಗೆ ಒರೆಸುತ್ತಿದ್ದಳು. ಅವರೆಕಾಯಿಯ ಕಾಲ ಅದು. ಮನೆಯೆಲ್ಲ ಸೊಗಡಿನ ಘಮ. ಹಿತಕಿದ ಬೇಳೆಯ ಸಾರು ಕುದಿಯುವಾಗ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಬೇಳೆ ಹಿತಕಿದವಳು ನಮ್ಮವ್ವ, ಮೊದಲ ಮುದ್ದೆ ಬೀಳುತ್ತಿದ್ದದ್ದು ಭಾಗ್ಯಳ ತಟ್ಟೆಗೆ.

ಇದನ್ನು ಯಾರೂ ಅನ್ಯಾಯ ಅನ್ನುತ್ತಿರಲಿಲ್ಲ, ನಾನೂ ಅಂದವಳಲ್ಲ. ಹಿರಿಯರ ಮನೆ ಮೊದಲು, ಅಷ್ಟೇ. ಆದರೆ ಓಟಕ್ಕೆ ಈ ಕ್ರಮ ಇಲ್ಲ ಎಂದು ನಾನು ತಿಳಿದಿದ್ದೆ. ರಸ್ತೆಯ ಮೇಲೆ ಮೊದಲನೇ ಗಂಟು ನನ್ನದು, ಎರಡನೆಯದು ಅವಳದು. ಲೋಕದಲ್ಲಿ ಅದೊಂದು ಜಾಗದಲ್ಲಿ ನಾನು ಭಾಗ್ಯಳಿಗಿಂತ ಮುಂದೆ ಇದ್ದೆ. ಅದರ ಸುಖಕ್ಕೇ ನಾನು ಅಷ್ಟು ಬೆಳಿಗ್ಗೆ ಎದ್ದು ಅವಳ ಕಾಲು ಜಗ್ಗಿ ಎಬ್ಬಿಸುತ್ತಿದ್ದೆ.

ಓಟದ ದಿನ ಬೆಟ್ಟಕ್ಕೆ ಮಂಜು ಮುಸುಕಿತ್ತು. ಅಪ್ಪ, ದೊಡ್ಡಪ್ಪ ಇಬ್ಬರೂ ನಮ್ಮ ಜೊತೆ ಬಂದಿದ್ದರು. ಶಿರಾದಿಂದ, ಕೊರಟಗೆರೆಯಿಂದ ಬಂದ ಹುಡುಗಿಯರು ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಎಲ್ಲರೂ ತೋರಿಸುತ್ತಿದ್ದದ್ದು ಪಾವಗಡದ ತಿರುಮಣಿ ಕಡೆಯ ಒಬ್ಬ ಹುಡುಗಿಯನ್ನು. ಕಡ್ಡಿಯಂಥ ಕಾಲು. ನಿಧಾನವಾಗಿ ಶುರುಮಾಡಿ ಕೊನೆಯಲ್ಲಿ ಎಲ್ಲರನ್ನೂ ಹೊಡೆಯುತ್ತಾಳಂತೆ. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಅಪ್ಪನೂ ಹಿಂದೆಯೇ ಬಂದ.

"ನೋಡು ಗಿರಿಜಾ, ಶುರುವಿಂದ್ಲೇ ಜೋರಾಗಿ ಎಳ್ಕಂಡು ಹೋಗು. ಆ ಪಾವಗಡದೋಳು ನಿನ್ನ ಹಿಂದೆ ಬಂದು ಸುಸ್ತಾಗ್ಬೇಕು. ಅರ್ಧ ಆದ್ಮೇಲೆ ಕಾಲು ಹಿಡ್ಕಂತು ಅಂತ ಆಚೆ ಬಂದ್ಬುಡು."

ನನಗೆ ಅರ್ಥವಾಗಲಿಲ್ಲ. "ಆಚೆ ಬಂದ್ರೆ ಗೆಲ್ಲೋದು ಹೆಂಗೆ ಸಾ?"

"ನೀನಲ್ಲ ಕಣೇ, ಭಾಗ್ಯ ಗೆಲ್ತಾಳೆ. ಅದಕ್ಕೇ ಅಲ್ವಾ ನಿನ್ನ ಇಷ್ಟು ದಿನ ಮುಂದೆ ಓಡ್ಸಿದ್ದು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬೆಟ್ಟದ ಕಡೆ ನೋಡುತ್ತಿದ್ದ. "ಮನೇಲಿ ಮಾತಾಗೈತೆ ಕಣಮ್ಮ," ಅಂದ. "ದೊಡ್ಡೋರ ಮನೆ ಮಗ ಮೊದ್ಲು ಹೋಗ್ಲಿ. ಯಾರು ಹೋದ್ರೂ ಸೀಟು ನಮ್ಮನೇಗೆ ತಾನೇ ಬರೋದು?" ನಮ್ಮ ಕಡೆ ಮುದ್ದಿಗೆ ಹೆಣ್ಣುಮಗುವನ್ನೂ ಮಗ ಅನ್ನುತ್ತಾರೆ. ಆ ಮುದ್ದು ಆ ಹೊತ್ತಿನಲ್ಲಿ ಅವಳಿಗೆ ಸಂದಿತ್ತು.

ಭಾಗ್ಯ ಸ್ವಲ್ಪ ದೂರದಲ್ಲಿ ಜಡೆ ಬಿಗಿದುಕೊಳ್ಳುತ್ತಿದ್ದಳು. "ನಿಂಗೂ ಗೊತ್ತಿತ್ತೇನೇ?" ಎಂದು ಕೇಳಿದೆ. ರಿಬ್ಬನ್ನು ಹಲ್ಲಲ್ಲಿ ಕಚ್ಚಿಕೊಂಡು ಜಡೆಯನ್ನು ಇನ್ನಷ್ಟು ಬಿಗಿದಳು. ಗೊತ್ತಿತ್ತು. ಒಂದೇ ಕಂಬಳಿಯೊಳಗೆ ಮಲಗಿ, ನನ್ನ ಕಾಲಿಗೆ ತನ್ನ ಕಾಲು ಒತ್ತಿ ಬೆಚ್ಚಗೆ ಮಾಡಿಕೊಂಡು, ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳು. ಆ ಕ್ಷಣ ನನ್ನ ಮೈಯೆಲ್ಲ ಉರಿದುಹೋಯಿತು.

ಸೀಟಿ ಊದಿದ ಕೂಡಲೇ ನಾನು ಮೊಪೆಡ್ಡನ್ನು ಹಿಡಿಯುವಂತೆ ಓಡಿದೆ. ಪಾವಗಡದ ಹುಡುಗಿ ಬೆನ್ನಿಗೆ ಅಂಟಿಕೊಂಡಳು. ಮೂರನೇ ಸುತ್ತಿಗೇ ಅವಳ ಉಸಿರು ಸಿಳ್ಳೆ ಹಾಕತೊಡಗಿತು. "ಅಕ್ಕಾ, ಮೆಲ್ಲಗ ಪೋ ಅಕ್ಕಾ," ನಿಧಾನ ಮಾಡು ಎಂದು ತೆಲುಗಿನಲ್ಲಿ ಬೇಡಿಕೊಂಡಳು. ನಾನು ಇನ್ನೂ ಜೋರು ಮಾಡಿದೆ. ಸ್ವಲ್ಪ ಹೊತ್ತಿಗೆ ಆ ಸಿಳ್ಳೆ ಹಿಂದೆ ಉಳಿಯಿತು. ತಿರುವಿನಲ್ಲಿ ನೋಡಿದರೆ ಅವಳು ಹೊಟ್ಟೆ ಹಿಡಿದುಕೊಂಡು ಮಣ್ಣಿನ ಮೇಲೆ ಕುಕ್ಕರಿಸಿ ವಾಂತಿ ಮಾಡುತ್ತಿದ್ದಳು. ಅರ್ಧ ಓಟ ಮುಗಿದಿತ್ತು. ಗೆರೆಯ ಪಕ್ಕದಲ್ಲಿ ಮೇಷ್ಟ್ರು, "ಬಾರೇ ಆಚೆ! ಸಾಕು ಬಾರೇ!" ಎಂದು ಹಲ್ಲು ಕಡಿಯುತ್ತಿದ್ದರು. ಅಪ್ಪ ಕೈ ಬೀಸಿ ಕರೆಯುತ್ತಿದ್ದ. ನಾನು ಅವರಿಬ್ಬರ ಮುಂದೆಯೇ ಹಾದು ಹೋದೆ.

ಕೊನೆಯ ಸುತ್ತಿನಲ್ಲಿ ಭಾಗ್ಯಳ ಹೆಜ್ಜೆ ಹತ್ತಿರ ಕೇಳಿಸಿತು. ಅವಳು ಹಿತವಾಗಿ ಓಡಿ ದಮ್ಮು ಉಳಿಸಿಕೊಂಡಿದ್ದಳು, ನನ್ನ ಎದೆಯಲ್ಲಿ ಬೆಂಕಿ ಬಿದ್ದಿತ್ತು. "ಬುಡೇ ಗಿರಿಜಾ, ಮನೇಲಿ ಬೈತಾರೆ," ಅಂದಳು ಪಕ್ಕಕ್ಕೆ ಬಂದು. ಬೈಯಲಿ. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಬಾಯಲ್ಲಿ ರಕ್ತದ ರುಚಿ ಇತ್ತು, ಸುಣ್ಣದ ಗೆರೆಯ ಮೇಲೆ ಮುಖ ಅಡಿಯಾಗಿ ಬಿದ್ದಿದ್ದೆ, ಯಾರೋ ನನ್ನ ತೋಳು ಹಿಡಿದೆತ್ತಿ "ಫಸ್ಟ್, ಫಸ್ಟ್" ಅನ್ನುತ್ತಿದ್ದರು.

ಆಯ್ಕೆಗೆ ಬಂದಿದ್ದ ಮೇಡಂ ನಗುತ್ತ ಅಪ್ಪನನ್ನು ಕರೆದರು. "ಚೆನ್ನಾಗಿ ಓಡ್ತಾಳೆ ನಿಮ್ಮ ಮಗಳು. ಹಾಸ್ಟೆಲ್ಲಿಗೆ ಕಳಿಸ್ತೀರಲ್ಲಾ?"

ಅಪ್ಪ ಒಮ್ಮೆ ದೊಡ್ಡಪ್ಪನ ಕಡೆ ನೋಡಿದ. ಅಪ್ಪ ಕೈಮುಗಿದ. "ಇವ್ಳನ್ನ ಕಳ್ಸಕಾಗಲ್ಲ ಮೇಡಂ, ಮನೇಲಿ ಕೆಲ್ಸ ಐತೆ. ಎರಡನೇದಾಗಿ ಬಂದೋಳೂ ನಮ್ಮುಡುಗೀನೇ. ಅವ್ಳನ್ನ ತಗಳಿ."

ಮೇಡಂ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನೀನೇನಮ್ಮಾ ಹೇಳ್ತೀಯ?"

ನಾನು ಬಾಯಿ ತೆರೆದೆ. ಉಸಿರು ಇನ್ನೂ ಕೂಡಿಬಂದಿರಲಿಲ್ಲ, ಗಂಟಲಿನಿಂದ ಬರೀ ಗಾಳಿ ಹೊರಟಿತು. ಎಲ್ಲರನ್ನೂ ಸೋಲಿಸಿ ಬಂದ ನನಗೆ ಒಂದು ಮಾತಿಗೆ ಬೇಕಾದಷ್ಟು ದಮ್ಮು ಉಳಿದಿರಲಿಲ್ಲ.

"ಅವ್ಳೇನು ಹೇಳ್ತಾಳೆ ಬುಡಿ ಮೇಡಂ," ಅಂದ ಅಪ್ಪ.

ಆ ದಿನ ಮನೆಯಲ್ಲಿ ಭಾಗ್ಯಳಿಗೆ ಆರತಿ ಎತ್ತಿದರು. ನನಗೆ ಯಾರೂ ಬೈಯಲಿಲ್ಲ, ಹೊಡೆಯಲೂ ಇಲ್ಲ. ನಾನು ಓಡಿದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಅವ್ವ ಮಾತ್ರ ಹಿತ್ತಲಲ್ಲಿ ನನ್ನ ಕಾಲಿಗೆ ಬಿಸಿನೀರು ಹಾಕುತ್ತ, "ನಂಗೆ ಗೊತ್ತಿರ್ನಿಲ್ಲ ಕಣವ್ವ," ಅಂದಳು. ಗೊತ್ತಿದ್ದರೆ ಏನು ಮಾಡುತ್ತಿದ್ದಳು ಎಂದು ನಾನು ಕೇಳಲಿಲ್ಲ. ಮಾರನೇ ದಿನದಿಂದ ನಾನು ಓಡುವುದನ್ನು ಬಿಟ್ಟೆ. ಭಾಗ್ಯ ಹೋದ ಮೇಲೆ ಕಂಬಳಿ ಪೂರ್ತಿ ನನ್ನದಾಯಿತು, ಅದರೊಳಗೆ ಕಾಲು ಬೆಚ್ಚಗಾಗುತ್ತಲೇ ಇರಲಿಲ್ಲ.

ಹತ್ತನೇ ಕ್ಲಾಸು ಮುಗಿದ ಮೇಲೆ ನಾನು ಆ ಬಸ್ಸು ಹತ್ತಿದೆ. ಹತ್ತಿ ಇಷ್ಟು ವರ್ಷವಾದರೂ ಅದರಲ್ಲಿ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡಬಾರದು ಎಂಬ ಒಂದು ಹಟ ಉಳಿಸಿಕೊಂಡಿದ್ದೇನೆ. ಭಾಗ್ಯಳ ಕಾಲಿನ ಮೂಳೆ ಎರಡನೇ ವರ್ಷವೇ ಬಿರುಕು ಬಿಟ್ಟು ಅವಳ ಓಟವೂ ನಿಂತಿತು. ಓದು ನಿಲ್ಲಲಿಲ್ಲ. ಈಗ ಶಿರಾದ ಕಡೆ ಯಾವುದೋ ಶಾಲೆಯಲ್ಲಿ ಅವಳೇ ಪಿ.ಟಿ. ಟೀಚರು. ಮದುವೆಗಳಲ್ಲಿ ಎದುರಾದರೆ ಇಬ್ಬರೂ ಬೇರೆಯವರ ಮಕ್ಕಳನ್ನು ಮಾತಾಡಿಸುತ್ತೇವೆ. ಅವಳಿಗಿಂತ ಹತ್ತಿರದವರು ನನಗೆ ಆಮೇಲೆ ಯಾರೂ ಸಿಗಲಿಲ್ಲ. ಅದನ್ನು ನೆನೆದರೆ ಸೀಟು ಹೋದದ್ದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ಹೋದ ಚಳಿಗಾಲದಲ್ಲಿ ಮನೆ ಪಾಲಾಯಿತು. ಹೊಲ ಅಳೆಯುವಾಗ ಒಂದು ಬದುವಿನ ವಿಚಾರಕ್ಕೆ ಮಾತು ಬೆಳೆಯಿತು. ಅಗಲ ಒಂದು ಅಡಿಯೂ ಇಲ್ಲದ ಬದು, ಅದರ ಮೇಲೆ ಬೆಳೆದಿರುವುದು ಬರೀ ತಂಗಡಿ ಗಿಡ. ದೊಡ್ಡೋನು ನಾನು, ನಂಗೆ ಬುಡು ಅಂದರು ದೊಡ್ಡಪ್ಪ. ಜೀವಮಾನವೆಲ್ಲ ಅಣ್ಣನ ಎದುರು ತಲೆಯೆತ್ತದ ಅಪ್ಪ ಅವತ್ತು ಅವರ ಅಂಗಿಯ ಕೊರಳಪಟ್ಟಿ ಹಿಡಿದ. ಕಣ್ಣಲ್ಲಿ ನೀರಿತ್ತು.

"ಬುಡಲ್ಲ!" ಎಂದು ಕಿರುಚಿದ. "ನನ್ನ ಮಕ್ಕಳ ಪಾಲು ಕಣಣ್ಣ ಇದು. ನಾನ್ಯಾಕೆ ಬುಡ್ಲಿ?"

ನಾನು ಅಲ್ಲೇ, ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ಬುಡಲ್ಲ ಅನ್ನುವ ಮಾತು ಅಪ್ಪನಿಗೂ ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.